ಗುಳೆ ಹೋದವರ ಕೈಗೆ ಕ್ಯಾಮೆರಾ ಬಂದರೆ

ವಲಸೆಯ ಬದುಕನ್ನು ಕುರಿತು ತಂತ್ರಜ್ಞಾನ ಬಳಸಿ ಮಾಡಿದ ಕಲಾಕೃತಿಗಳು ಜಗತ್ತಿನ ದೊಡ್ಡ ಗ್ಯಾಲರಿಗಳಲ್ಲಿ ಜಾಗ ಪಡೆದಿವೆ. ಅವುಗಳ ಬೆಲೆ ಕಟ್ಟುವುದು ಹೇಗೆ? ಬರದ ಸೀಮೆಯ ಒಂದು ಹೋಬಳಿಯಲ್ಲಿ ನಿಂತು ಕೇಳಿದರೆ ಅಳತೆಗೋಲೇ ಬದಲಾಗುತ್ತದೆ.

ಉದ್ಯೋಗ ಖಾತ್ರಿ ಕಾಮಗಾರಿಗೆ ಬಂದ ಕೂಲಿಕಾರರ ಫೋಟೊವನ್ನು ದಿನಕ್ಕೆ ಎರಡು ಸಲ ತೆಗೆದು ಆ್ಯಪಿಗೆ ಏರಿಸಬೇಕೆಂಬ ನಿಯಮ 2023ರ ಜನವರಿಯಿಂದ ದೇಶದಾದ್ಯಂತ ಕಡ್ಡಾಯವಾಯಿತು. ದಾವಣಗೆರೆ ಜಿಲ್ಲೆ ಜಗಳೂರು ತಾಲ್ಲೂಕಿನ ಬಿಳಿಚೋಡು ಹೋಬಳಿಗೂ ಅದೇ ನಿಯಮ. ಕೆರೆ ಹೂಳೆತ್ತುವಲ್ಲೋ ಹೊಲದ ಬದು ಹಾಕುವಲ್ಲೋ ಜನರನ್ನು ಒಟ್ಟಿಗೆ ನಿಲ್ಲಿಸಿ, ಕೂಲಿಕಾರರ ಗುಂಪಿನ ಮುಂದಾಳಾದ ಕಾಯಕ ಬಂಧು ಮೊಬೈಲ್ ಹಿಡಿಯಬೇಕು. ಚಿತ್ರದ ಜೊತೆಗೆ ಹೊತ್ತೂ ಜಾಗವೂ ದಾಖಲಾಗುತ್ತವೆ. ನೆಟ್‌ವರ್ಕ್ ಸಿಗದ ದಿನ ಹಾಜರಿ ಬೀಳುವುದಿಲ್ಲ, ಹಾಜರಿ ಬೀಳದಿದ್ದರೆ ಕೂಲಿ ಜಮೆಯಾಗುವುದಿಲ್ಲ ಎಂಬ ದೂರು ಹಲವು ರಾಜ್ಯಗಳಿಂದ ಬಂದಿದೆ. ಮಳೆ ಹೋದ ವರ್ಷ ಇದೇ ಜನ ಮೆಕ್ಕೆಜೋಳ, ಶೇಂಗಾ, ಈರುಳ್ಳಿಯ ಆಸೆ ಬಿಟ್ಟು ಗುಳೆ ಹೊರಡುತ್ತಾರೆ. ಕೆಲವರದು ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟದ ದಾರಿ. ಕೆಲವರು ಇದೇ ಜಿಲ್ಲೆಯ ಚನ್ನಗಿರಿ, ನ್ಯಾಮತಿ ಕಡೆಯ ಅಡಿಕೆ ಸೀಮೆಗೆ ಇಳಿಯುತ್ತಾರೆ. ಉಳಿದವರಿಗೆ ಬೆಂಗಳೂರಿನ ಕಟ್ಟಡ ಕೆಲಸ ಇದ್ದೇ ಇದೆ. ಅಲ್ಲಿಯೂ ಯಂತ್ರದ ಕಣ್ಣು ತಪ್ಪುವುದಿಲ್ಲ. ದೊಡ್ಡ ಸೈಟಿನಲ್ಲಿ ಮುಖ ತೋರಿಸಿ ಹಾಜರಿ ಹಾಕಬೇಕು, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿಯವರ ಆ್ಯಪಿನಲ್ಲಿ ಹೆಸರು ನಮೂದಾಗಬೇಕು, ಪಡಿತರ ಬೇಕೆಂದರೆ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಬೇಕು. ದುಡಿಯಲು ಊರು ಬಿಡುವವರನ್ನು ಇಷ್ಟೊಂದು ಸಾಧನಗಳು ಹಿಂದೆಂದೂ ನೋಡಿರಲಿಲ್ಲ.

ಇಷ್ಟು ನೋಡುವ ವ್ಯವಸ್ಥೆಗೆ ಬೇಕಾದ ಹೊತ್ತಿನಲ್ಲಿ ಅವರು ಕಾಣಲಿಲ್ಲ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಗಂಟುಮೂಟೆ ಹೊತ್ತು ನಿಂತವರಿಂದ ಮೊದಲು ದುಬಾರಿ ಬಸ್ ದರ ಕೇಳಲಾಯಿತು. ಟೀಕೆ ಬಂದ ಮೇಲೆ ಮೇ ಮೊದಲ ವಾರ ರಾಜ್ಯದೊಳಗಿನ ಪ್ರಯಾಣ ಉಚಿತವಾಯಿತು. ಹೊರ ರಾಜ್ಯದವರ ರೈಲುಗಳನ್ನು ಅದೇ ವಾರ ರಾಜ್ಯ ಸರ್ಕಾರ ರದ್ದು ಮಾಡಿತು. ಕಟ್ಟಡ ಉದ್ಯಮದವರ ಜೊತೆ ಸಭೆ ನಡೆದ ಬೆನ್ನಿಗೇ ಬಂದ ಈ ನಿರ್ಧಾರವನ್ನು ವಿರೋಧಕ್ಕೆ ಮಣಿದು ಕೆಲವೇ ದಿನದಲ್ಲಿ ಹಿಂತೆಗೆದುಕೊಂಡಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ, ಮನೆಗೆ ಮರಳುವಾಗ ಸತ್ತ ವಲಸೆ ಕಾರ್ಮಿಕರೆಷ್ಟು ಎಂದು ಲೋಕಸಭೆಯಲ್ಲಿ ಕೇಳಿದ್ದಕ್ಕೆ, ಅಂಥ ಮಾಹಿತಿ ಇಟ್ಟಿಲ್ಲ ಎಂಬುದು ಕಾರ್ಮಿಕ ಸಚಿವಾಲಯದ ಉತ್ತರ. ಹಾಜರಿ ಹಿಡಿಯಲು ಬೇಕಾದ ತಂತ್ರಜ್ಞಾನ ಇತ್ತು. ಸಾವನ್ನು ಬರೆದಿಡುವ ಹೊಣೆ ಯಾರ ಮೇಲೂ ಇರಲಿಲ್ಲ. ವಲಸೆಯ ಬಗ್ಗೆ ಕ್ಯಾಮೆರಾ, ಸೆನ್ಸರ್, ಮೊಬೈಲ್ ಹಿಡಿದು ಕಲೆ ಮಾಡಲು ಹೊರಟವರು ಇಳಿಯುವುದು ಈ ಅಂಗಳಕ್ಕೆ. ಅಲ್ಲಿ ತಂತ್ರಜ್ಞಾನ ಆಗಲೇ ಒಂದು ಪಕ್ಷ ವಹಿಸಿದೆ ಎಂಬುದನ್ನು ಅವರು ಮರೆಯುವಂತಿಲ್ಲ.

ಹಾಗಾಗಿ ಇಂಥ ಕೃತಿಯನ್ನು ನೋಡುಗನ ಮೈ ಎಷ್ಟು ಜುಮ್ಮೆಂದಿತು ಎಂಬುದರಿಂದ ಅಳೆದರೆ ಸಾಲದು. ಯಂತ್ರ ಯಾರ ಕೈಯಲ್ಲಿತ್ತು, ಏನನ್ನು ತೋರಿಸಬೇಕು ಏನನ್ನು ಬಿಡಬೇಕು ಎಂದು ಯಾರು ತೀರ್ಮಾನಿಸಿದರು, ಮಾಡಿದ ಕೃತಿ ಆ ಜನ ಬಿಟ್ಟು ಬಂದ ಊರಿಗೆ ಮರಳಿತೇ ಎಂಬ ಪ್ರಶ್ನೆಗಳನ್ನು ಮೊದಲು ಕೇಳಬೇಕು. ಮೂರನೆಯದು ನಮ್ಮ ಸೀಮೆಗೆ ಮುಖ್ಯವಾದ ಪ್ರಶ್ನೆ. ಏಕೆಂದರೆ ಬಿಳಿಚೋಡಿನಿಂದ ಹೋದವರು ಸಾಮಾನ್ಯವಾಗಿ ಶಾಶ್ವತವಾಗಿ ಹೋದವರಲ್ಲ. ಯುಗಾದಿಗೆ ಬರುತ್ತಾರೆ, ಊರ ಜಾತ್ರೆಗೆ ಬರುತ್ತಾರೆ, ಓಟು ಹಾಕಲು ಬರುತ್ತಾರೆ, ಹದ ಮಳೆಯಾದರೆ ಬಿತ್ತನೆಗೂ ಬರುತ್ತಾರೆ. ಹೋಗಿ ಬರುವುದೇ ಈ ವಲಸೆಯ ರೀತಿಯಾದ ಮೇಲೆ ಅದರ ಕಲೆಯೂ ಹೋಗಿ ಬರುವ ಹಾದಿಯಲ್ಲೇ ಇರಬೇಕಾಗುತ್ತದೆ.

ಗಡಿ ದಾಟದ ವಲಸೆ

ಜಗತ್ತಿನ ಕಲಾವಲಯ ವಲಸೆ ಎಂದೊಡನೆ ನೆನೆಯುವುದು ಗಡಿಯನ್ನು: ಮೆಡಿಟರೇನಿಯನ್ ಸಮುದ್ರದ ರಬ್ಬರ್ ದೋಣಿ, ಅಮೆರಿಕ–ಮೆಕ್ಸಿಕೊ ನಡುವಿನ ಬೇಲಿ, ನಿರಾಶ್ರಿತರ ಡೇರೆ. ನಮ್ಮ ಕಾನೂನು ಮತ್ತು ಅಂಕಿಅಂಶವೂ ಗಡಿಯನ್ನೇ ಹುಡುಕುತ್ತವೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಹೆಸರಿಗೆ ತಕ್ಕಂತೆ ರಾಜ್ಯದಿಂದ ರಾಜ್ಯಕ್ಕೆ ಹೋದವರದ್ದಾಗಿತ್ತು. 2016–17ರ ಆರ್ಥಿಕ ಸಮೀಕ್ಷೆ ರೈಲು ಪ್ರಯಾಣದ ಮಾಹಿತಿ ಹಿಡಿದು, 2011ರಿಂದ 2016ರವರೆಗೆ ವರ್ಷಕ್ಕೆ ಸರಾಸರಿ ಸುಮಾರು 90 ಲಕ್ಷ ಜನ ರಾಜ್ಯದಿಂದ ರಾಜ್ಯಕ್ಕೆ ಹೋದರೆಂದು ಅಂದಾಜಿಸಿತು. ಜಾಣ ಲೆಕ್ಕವೇನೋ ಹೌದು. ಆದರೆ ಜಗಳೂರಿನಿಂದ ಕೆಂಪು ಬಸ್ಸು ಹತ್ತಿ ಬೆಂಗಳೂರಿಗೆ ಇಳಿದವರು, ನ್ಯಾಮತಿ ಕಡೆಯ ತಾಂಡಾದಿಂದ ಮೇಸ್ತ್ರಿಯ ಟೆಂಪೊ ಹತ್ತಿ ಕಾಫಿ ಕೊಯ್ಲಿಗೆ ಹೋದವರು ಆ ಲೆಕ್ಕದೊಳಗೆ ಬರುವುದಿಲ್ಲ. 2011ರ ಜನಗಣತಿ ವಾಸಸ್ಥಳ ಬದಲಿಸಿದವರನ್ನು ಎಣಿಸಿ 45 ಕೋಟಿಯ ಸಂಖ್ಯೆ ಕೊಟ್ಟಿತು. ಅದರಲ್ಲಿ ಮದುವೆಯಾಗಿ ಗಂಡನ ಮನೆಗೆ ಹೋದ ಹೆಣ್ಣುಮಕ್ಕಳೇ ದೊಡ್ಡ ಪಾಲು. ನಾಲ್ಕು ತಿಂಗಳು ಹೋಗಿ ಮರಳಿದ ಕೂಲಿಯವರು ಅದರಲ್ಲೂ ಸರಿಯಾಗಿ ಸಿಗುವುದಿಲ್ಲ. ಗಡಿಯಿಲ್ಲ, ಬೇಲಿಯಿಲ್ಲ, ಪಾಸ್‌ಪೋರ್ಟಿಲ್ಲ. ಹೀಗಾಗಿ ನಾಟಕೀಯ ಚಿತ್ರವೂ ಇಲ್ಲ. ತೋಟದ ಲೈನ್ ಮನೆ, ತಗಡಿನ ಶೆಡ್ಡು, ಮುಂಗಡದ ಲೆಕ್ಕ, ಶಾಲೆ ಬಿಟ್ಟ ಮಗು, ಊರಿನಲ್ಲಿ ಅಜ್ಜ ಅಜ್ಜಿಯರಷ್ಟೇ ಉಳಿದ ಮನೆ: ಈ ವಲಸೆ ಕಾಣಸಿಗುವುದು ಇಂಥ ಕಡೆ. ದೊಡ್ಡ ಪರದೆಗೆ ಒಗ್ಗದ ವಸ್ತುವಿದು. ಇದಕ್ಕೆ ಹೊಂದುವ ರೂಪ ಯಾವುದೆಂದು ತಿಳಿಯಲು, ಹೊರಗೆ ನಡೆದಿರುವ ಪ್ರಯೋಗಗಳನ್ನು ಸೋಸಿ ನೋಡಬೇಕು.

ಯಂತ್ರ ತೊಟ್ಟ ಮರುಕ

2015ರಲ್ಲಿ ಬಂದ ‘ಕ್ಲೌಡ್ಸ್ ಓವರ್ ಸಿದ್ರಾ’ ಎಂಬ ವರ್ಚುವಲ್ ರಿಯಾಲಿಟಿ ಚಿತ್ರ ನೋಡುಗನನ್ನು ಜೋರ್ಡಾನಿನ ಝಾತರಿ ನಿರಾಶ್ರಿತರ ಶಿಬಿರಕ್ಕೆ ಒಯ್ದು, ಸಿರಿಯಾದ ಹನ್ನೆರಡು ವರ್ಷದ ಹುಡುಗಿಯ ಎದುರು ಕೂರಿಸುತ್ತದೆ. ವಿಶ್ವಸಂಸ್ಥೆಯ ಬೆಂಬಲ ಪಡೆದ ಈ ಚಿತ್ರವನ್ನು ಗೇಬೊ ಅರೋರಾ ಅವರೊಂದಿಗೆ ಮಾಡಿದ ಕ್ರಿಸ್ ಮಿಲ್ಕ್, ಪರರ ನೋವನ್ನು ನಮ್ಮದಾಗಿಸುವ ಯಂತ್ರವೆಂಬಂತೆ ಈ ಮಾಧ್ಯಮವನ್ನು ಹೊಗಳಿದರು. ಎರಡು ವರ್ಷದ ನಂತರ ಮೆಕ್ಸಿಕೊದ ನಿರ್ದೇಶಕ ಅಲೆಹಾಂದ್ರೊ ಇನ್ಯಾರಿತು ‘ಕಾರ್ನೆ ಇ ಅರೆನಾ’ವನ್ನು ಕಾನ್ ಉತ್ಸವಕ್ಕೆ ತಂದರು. ಇಲ್ಲಿ ನೋಡುಗ ಒಬ್ಬನೇ ಒಳಗೆ ಹೋಗುತ್ತಾನೆ. ಮೊದಲು ಒಂದು ತಣ್ಣನೆ ಕೋಣೆ. ಗಡಿಯ ಮರುಭೂಮಿಯಲ್ಲಿ ಸಿಕ್ಕ ವಲಸಿಗರ ಹಳೆಯ ಚಪ್ಪಲಿ, ಬೂಟುಗಳು ಅಲ್ಲಿವೆ. ಅವನೂ ಕಾಲಿನದನ್ನು ಕಳಚಿಟ್ಟು ಬರಿಗಾಲಲ್ಲಿ ಮರಳಿನ ಮೇಲೆ ನಿಲ್ಲಬೇಕು. ತಲೆಗೆ ಸಾಧನ ತೊಟ್ಟೊಡನೆ ಸುತ್ತಲೂ ರಾತ್ರಿ, ಓಡುವ ಜನ, ಹೆಲಿಕಾಪ್ಟರಿನ ಬೆಳಕು, ಬಂದೂಕು ಗುರಿಯಿಟ್ಟ ಗಡಿ ಪೊಲೀಸರು. ಆರೂವರೆ ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಈ ಕೃತಿಗೆ ಆಸ್ಕರ್ ಅಕಾಡೆಮಿ ವಿಶೇಷ ಪ್ರಶಸ್ತಿಯನ್ನೂ ಕೊಟ್ಟಿತು.

ಇದು ಬರಿಯ ಗಿಮಿಕ್ ಎಂದು ತಳ್ಳಿಹಾಕುವುದು ಅನ್ಯಾಯ. ನಿಜಕ್ಕೂ ಗಡಿ ದಾಟಿದವರೇ ಅದರಲ್ಲಿ ನಟಿಸಿದ್ದಾರೆ, ಕೊನೆಗೆ ಅವರ ಮುಖ ಮತ್ತು ಕಥೆಗಳನ್ನು ಎದುರುಗೊಳ್ಳದೆ ಹೊರಬರುವಂತಿಲ್ಲ. ಸಿದ್ರಾ ಕುರಿತ ಚಿತ್ರ ನೆರವು ಸಂಗ್ರಹಕ್ಕೂ ಬಳಕೆಯಾಯಿತು. ಮರುಕದಿಂದ ಹಣ ಹುಟ್ಟಿ, ಹಣದಿಂದ ಡೇರೆ ಎದ್ದರೆ ಅದನ್ನು ಹಗುರವಾಗಿ ಕಾಣುವುದು ಹೇಗೆ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಆದರೂ ಒಂದು ತೊಡಕು ಉಳಿಯುತ್ತದೆ. ಈ ಕೃತಿಗಳ ಕೇಂದ್ರದಲ್ಲಿರುವುದು ನೋಡುಗನ ಅನುಭವ. ಭಯ ಅವನದು, ಬರಿಗಾಲು ಅವನದು, ಬಿಡುಗಡೆಯೂ ಅವನದೇ. ಓಡುವವನ ಭಯವನ್ನು ಆರು ನಿಮಿಷ ತೊಟ್ಟು ತೆಗೆದವನಿಗೆ ಆ ಬದುಕು ತನಗೆ ಅರ್ಥವಾಯಿತು ಎಂಬ ನೆಮ್ಮದಿ ಬರುತ್ತದೆ. ಗುಳೆಯ ಬದುಕಿನ ಸಂಕಟ ಹೆಚ್ಚಾಗಿ ಭಯದ ರೂಪದಲ್ಲಿ ಇರುವುದೇ ಇಲ್ಲ. ಮುಂಗಡ ತೀರದ ಕಾರಣ ತೋಟ ಬಿಡಲಾಗದ ಬೇಸರ, ಮಗಳ ಶಾಲೆಗೆ ಟಿಸಿ ಸಿಗದ ಕಿರಿಕಿರಿ, ಊರಿನಲ್ಲಿ ಸಾವಾದರೆ ಮಣ್ಣಿಗೆ ಹೋಗಲಾಗದ ಸಂಕಟ ತಿಂಗಳುಗಟ್ಟಲೆ ಎಳೆಯುವಂಥವು. ತಲೆಗೆ ತೊಡುವ ಸಾಧನಕ್ಕೆ ಆ ಉದ್ದ ಸಿಗುವುದಿಲ್ಲ. ಇನ್ನೊಂದು ತುದಿಯಲ್ಲಿ ಐರ್ಲೆಂಡಿನ ರಿಚರ್ಡ್ ಮಾಸ್ 2017ರಲ್ಲಿ ಪ್ರದರ್ಶಿಸಿದ ‘ಇನ್‌ಕಮಿಂಗ್’ ಇದೆ. ಮೂವತ್ತು ಕಿಲೊಮೀಟರ್ ದೂರದಿಂದ ಮೈಶಾಖವನ್ನು ಗುರುತಿಸುವ ಸೇನಾ ಕ್ಯಾಮೆರಾದಲ್ಲಿ ವಲಸಿಗರನ್ನು ಚಿತ್ರಿಸಿ, ಕಾವಲಿನ ಕಣ್ಣಿಗೆ ಮನುಷ್ಯ ಹೇಗೆ ಕಾಣುತ್ತಾನೆಂದು ಅವರು ತೋರಿಸಿದರು. ನೋಡುವ ಯಂತ್ರವನ್ನೇ ವಿಚಾರಣೆಗೆ ಒಳಪಡಿಸಿದ ಗಟ್ಟಿ ಕೆಲಸ ಅದು. ಆದರೆ ಅದರಲ್ಲಿ ವಲಸಿಗನ ಮುಖ ಬರಿಯ ಹೊಳಪಾಗಿ ಉಳಿಯುತ್ತದೆ, ಅವನಿಗೆ ಮಾತಿಲ್ಲ.

ಮಾರ್ಕರ್ ಪೆನ್ನು, ಕೋಲು, ಮೊಬೈಲು

ಕಡಿಮೆ ಯಂತ್ರದಿಂದ ಹೆಚ್ಚು ಹೇಳಿದ ಕೃತಿಗಳಿವೆ. ಮೊರಾಕ್ಕೊ ಮೂಲದ ಬೂಶ್ರಾ ಖಲೀಲಿ 2008ರಿಂದ 2011ರವರೆಗೆ ಮಾಡಿದ ‘ದಿ ಮ್ಯಾಪಿಂಗ್ ಜರ್ನಿ ಪ್ರಾಜೆಕ್ಟ್’ನಲ್ಲಿ ಎಂಟು ವಿಡಿಯೊಗಳಿವೆ. ಪ್ರತಿಯೊಂದರಲ್ಲೂ ಕಾಣುವುದು ಒಂದು ಭೂಪಟ, ಒಂದು ಕೈ, ಕೈಯಲ್ಲೊಂದು ಮಾರ್ಕರ್ ಪೆನ್ನು. ಮುಖ ತೋರಿಸುವುದಿಲ್ಲ. ದಾರಿ ನಡೆದವರೇ ಗೆರೆ ಎಳೆಯುತ್ತಾ, ಇಲ್ಲಿ ಇಷ್ಟು ದಿನ ಕಾದೆ, ಇಲ್ಲಿಂದ ವಾಪಸ್ ಕಳಿಸಿದರು, ಮತ್ತೆ ಈ ದಾರಿ ಹಿಡಿದೆ ಎಂದು ತಣ್ಣಗೆ ಹೇಳುತ್ತಾರೆ. ಅಚ್ಚಾದ ಭೂಪಟದ ಮೇಲೆ ಅಂಕುಡೊಂಕಾದ ಮತ್ತೊಂದು ಭೂಪಟ ಮೂಡುತ್ತದೆ. ಮುಖ ಮುಚ್ಚಿದ್ದರಿಂದ ಹೇಳುವವರಿಗೆ ರಕ್ಷಣೆಯೂ ಸಿಕ್ಕಿತು, ನೋಡುಗನ ಗಮನ ಕಣ್ಣೀರಿನಿಂದ ದಾರಿಯ ವಿವರಕ್ಕೆ ಹೊರಳಿತು. ಅದಕ್ಕೂ ಮೊದಲು, 1992ರಲ್ಲಿ, ಪೋಲೆಂಡ್ ಮೂಲದ ಕ್ರಿಸ್ಟೊಫ್ ವೊಡಿಚ್ಕೊ ಬಾರ್ಸಿಲೋನಾದಲ್ಲಿ ವಲಸಿಗರಿಗೊಂದು ಕೋಲು ಮಾಡಿಕೊಟ್ಟರು. ಕೋಲಿನ ತುದಿಯಲ್ಲಿ ಪುಟ್ಟ ವಿಡಿಯೊ ಪರದೆ ಮತ್ತು ಸ್ಪೀಕರ್. ಪರದೆಯಲ್ಲಿ ಕೋಲು ಹಿಡಿದವರದೇ ಮುಖ, ಅವರದೇ ಕಥೆ. ನಂತರದ ಮಾದರಿಗಳಲ್ಲಿ ಹಳೆಯ ಕಾಗದಪತ್ರ, ಫೋಟೊ ಇಡಲು ಕೋಲಿಗೆ ಪಾರದರ್ಶಕ ಕೊಳವೆಗಳೂ ಬಂದವು. ಅದನ್ನು ಹಿಡಿದು ಬೀದಿಯಲ್ಲಿ ನಿಂತರೆ ಹೋಗುವವರು ಕುತೂಹಲಕ್ಕೆ ಹತ್ತಿರ ಬರುತ್ತಾರೆ. ಪರದೆಯ ಮುಖ ನೋಡಿ, ಹಿಡಿದವರ ಮುಖ ನೋಡಿ, ಮಾತಿಗೆ ತೊಡಗುತ್ತಾರೆ. ನೋಡುಗ ಗ್ಯಾಲರಿಯ ಬಾಗಿಲು ದಾಟಬೇಕಾಗಿಲ್ಲ, ಮಾತು ಶುರುವಾಗುವ ಜಾಗವನ್ನು ವಲಸಿಗರೇ ಆರಿಸುತ್ತಾರೆ.

ನಮ್ಮ ದೇಶದ ಉದಾಹರಣೆ ಇನ್ನೂ ಒಂದು ಹೆಜ್ಜೆ ಮುಂದಿದೆ. ಮುಂಬೈನ ‘ಕ್ಯಾಂಪ್’ ಎಂಬ ಕಲಾವಿದರ ಗುಂಪು 2013ರಲ್ಲಿ ‘ಫ್ರಮ್ ಗಲ್ಫ್ ಟು ಗಲ್ಫ್ ಟು ಗಲ್ಫ್’ ಚಿತ್ರವನ್ನು ಹೊರತಂದಿತು. ಶೈನಾ ಆನಂದ್ ಮತ್ತು ಅಶೋಕ್ ಸುಕುಮಾರನ್ ಈ ಗುಂಪಿನ ಪ್ರಮುಖರು. ಕಛ್‌ನಿಂದ ಕೊಲ್ಲಿ ದೇಶಗಳಿಗೆ, ಅಲ್ಲಿಂದ ಸೊಮಾಲಿಯಾದ ಕಡೆಗೆ ಸರಕು ಒಯ್ಯುವ ಮರದ ಹಡಗುಗಳಲ್ಲಿ ದುಡಿಯುವ ಕಛ್, ಸಿಂಧ್, ಬಲೂಚಿಸ್ತಾನ ಮತ್ತು ದಕ್ಷಿಣ ಇರಾನಿನ ಖಲಾಸಿಗಳು ತಮ್ಮ ಮೊಬೈಲಿನಲ್ಲಿ ತೆಗೆದುಕೊಂಡ ತುಣುಕುಗಳೇ ಈ ಚಿತ್ರದ ಜೀವಾಳ. ಚಿತ್ರ ಒಡೆದಂತೆ ಕಾಣುತ್ತದೆ, ಗಾಳಿಯ ಸದ್ದಿಗೆ ಮಾತು ಮುಳುಗುತ್ತದೆ. ತುಣುಕಿಗೆ ಖಲಾಸಿಗಳು ತಾವೇ ಹಾಡು ಜೋಡಿಸಿ, ಒಬ್ಬರಿಂದೊಬ್ಬರಿಗೆ ದಾಟಿಸಿಕೊಂಡಿದ್ದರು. ಕಲಾವಿದರು ಆ ಹಾಡುಗಳನ್ನು ಹಾಗೇ ಉಳಿಸಿದರು. ಈ ಚಿತ್ರ ಖಲಾಸಿಯ ಮೇಲೆ ಮರುಕ ಹುಟ್ಟಿಸಲು ಹೊರಡುವುದಿಲ್ಲ. ಬೇರೆ ಹಡಗಿನ ಗೆಳೆಯನನ್ನು ನಡುಗಡಲಲ್ಲಿ ಕಂಡು ಕೂಗುವ ಖುಷಿ, ಸರಕಿನ ಮೇಲೆ ಕೂತ ಸಂಜೆಯ ಸೋಮಾರಿತನ ಅದರಲ್ಲಿವೆ. ತನ್ನ ಬದುಕಿನಲ್ಲಿ ಚಿತ್ರ ತೆಗೆಯಲು ತಕ್ಕದ್ದು ಯಾವುದು ಎಂದು ದುಡಿಯುವವನೇ ನಿರ್ಧರಿಸಿದಾಗ ಇಂಥವು ಚೌಕಟ್ಟಿನೊಳಗೆ ಬರುತ್ತವೆ. ಹೊರಗಿನಿಂದ ಹೋದ ಕ್ಯಾಮೆರಾ ಕಷ್ಟವನ್ನಷ್ಟೇ ಹುಡುಕುತ್ತಿತ್ತು.

ತಗಡಿನ ಹಿಂದಿನ ಬೆಂಗಳೂರು

ಕರ್ನಾಟಕದೊಳಗೆ ಈ ದಿಕ್ಕಿನಲ್ಲಿ ನಡೆದ ಗಂಭೀರ ಕೆಲಸವೆಂದರೆ ‘ಬಿಹೈಂಡ್ ದ ಟಿನ್ ಶೀಟ್ಸ್’. ಬೆಂಗಳೂರಿನ ‘ಮರಾ’ ಎಂಬ ಮಾಧ್ಯಮ ಮತ್ತು ಕಲಾ ಸಂಘಟನೆಯೊಂದಿಗೆ ಗುರುತಿಸಿಕೊಂಡ ಏಕ್ತಾ ಮಿತ್ತಲ್ ಮತ್ತು ಯಶಸ್ವಿನಿ ರಘುನಂದನ್, ನಮ್ಮ ಮೆಟ್ರೊ ಕಾಮಗಾರಿ ಜೋರಾಗಿದ್ದ 2009ರ ಹೊತ್ತಿಗೆ ಇದನ್ನು ಕೈಗೆತ್ತಿಕೊಂಡರು. ಮಹಾತ್ಮ ಗಾಂಧಿ ರಸ್ತೆಯಿಂದ ಬೈಯಪ್ಪನಹಳ್ಳಿವರೆಗಿನ ಮೊದಲ ಮಾರ್ಗ 2011ರ ಅಕ್ಟೋಬರ್ 20ರಂದು ತೆರೆಯಿತು. ಅದಕ್ಕೂ ಮೊದಲ ವರ್ಷಗಳಲ್ಲಿ ನಗರದವರು ಕಂಡದ್ದು ರಸ್ತೆಯ ನಡುವೆ ನಿಲ್ಲಿಸಿದ ತಗಡುಗಳ ಉದ್ದನೆ ಗೋಡೆ. ಟ್ರಾಫಿಕ್ಕಿನಲ್ಲಿ ನಿಂತವರಿಗೆ ಅದು ಕಿರಿಕಿರಿ. ಅದರ ಆಚೆ ದೇಶದ ಹಲವು ಮೂಲೆಗಳಿಂದ ಬಂದವರ ಊಟ, ನಿದ್ದೆ, ಕೆಲಸ ನಡೆದಿತ್ತು. ಈ ಇಬ್ಬರು ಆ ತಗಡಿನಾಚೆ ವರ್ಷಗಟ್ಟಲೆ ಓಡಾಡಿ ‘ಇನ್ ಟ್ರಾನ್ಸಿಯೆನ್ಸ್’, ‘ಪ್ರೆಸೆನ್ಸ್’, ‘ಡಿಸ್ಟೆನ್ಸ್’ ಎಂಬ ಮೂರು ಕಿರುಚಿತ್ರಗಳನ್ನು ಮಾಡಿದರು. 2018ರ ‘ಬಿರ್ಹಾ’ದಲ್ಲಿ ಏಕ್ತಾ ಮಿತ್ತಲ್ ದುಡಿಯಲು ಹೋದವರನ್ನು ಕಾಯುತ್ತಾ ಉಳಿದವರ ಕಡೆಗೆ ಹೊರಳಿದರು. ವಲಸೆಯ ಅರ್ಧ ಭಾಗ ಊರಲ್ಲೇ ನಡೆಯುತ್ತದೆ ಎಂಬುದನ್ನು ಮನಗಂಡ ಹೊರಳು ಅದು.

ಮೂರರಲ್ಲಿ ‘ಪ್ರೆಸೆನ್ಸ್’ ಹೆಚ್ಚು ಯೋಚನೆಗೆ ಹಚ್ಚುತ್ತದೆ. ಅದರಲ್ಲಿ ಕಾರ್ಮಿಕರು ದೆವ್ವಗಳ ಕಥೆ ಹೇಳುತ್ತಾರೆ. ಸಾಕ್ಷ್ಯಚಿತ್ರದವರು ಸಾಮಾನ್ಯವಾಗಿ ಕೇಳುವುದು ಕೂಲಿ ಎಷ್ಟು, ಹೆಲ್ಮೆಟ್ ಕೊಟ್ಟರೇ, ಶೌಚಾಲಯವಿದೆಯೇ ಎಂಬ ಪ್ರಶ್ನೆಗಳನ್ನು. ಅವು ಬೇಕಾದವೇ. ಆದರೆ ಕ್ಯಾಮೆರಾದ ಎದುರು ಅವಕ್ಕೆ ಉತ್ತರ ಕೊಟ್ಟರೆ ನಾಳೆ ಮೇಸ್ತ್ರಿಗೆ ಉತ್ತರ ಕೊಡಬೇಕಾದೀತು. ದೆವ್ವದ ಕಥೆಗೆ ಆ ಭಯವಿಲ್ಲ. ರಾತ್ರಿಪಾಳಿಯಲ್ಲಿ ಯಾರೋ ಹಿಂದೆ ನಡೆದಂತಾಯಿತು ಎಂಬ ಮಾತಿನೊಳಗೆ ಅಪಘಾತದ ನೆನಪು, ಗುರುತಿಲ್ಲದ ಮಣ್ಣಿನಲ್ಲಿ ಸಾಯುವ ಅಂಜಿಕೆ, ಹೆಂಡತಿ ಮಕ್ಕಳಿಲ್ಲದ ತಿಂಗಳುಗಳ ಒಂಟಿತನ ಎಲ್ಲಕ್ಕೂ ಜಾಗವಿದೆ ಎಂಬುದು ನನ್ನ ಓದು. ಸಮೀಕ್ಷೆಯ ನಮೂನೆಯಲ್ಲಿ ಇದಕ್ಕೆ ಕಾಲಂ ಇಲ್ಲ, ಹಾಜರಿ ಆ್ಯಪಿನಲ್ಲಿ ಬಟನ್ ಇಲ್ಲ. ವರದಿ ಹಿಡಿಯಲಾರದ್ದನ್ನು ಕಲೆ ಹಿಡಿಯುತ್ತದೆ ಎಂಬ ಹಳೆಯ ಮಾತಿಗೆ ಇಲ್ಲಿ ಆಧಾರ ಸಿಗುತ್ತದೆ. ಹಾಗೆಂದು ಈ ಕೆಲಸಕ್ಕೂ ಮಿತಿಯಿದೆ. ಕ್ಯಾಮೆರಾ ಹಿಡಿದವರು ಕಲಾವಿದರೇ ಹೊರತು ಕಾರ್ಮಿಕರಲ್ಲ. ಇಂಥ ಚಿತ್ರಗಳ ಸಹಜ ಹಾದಿಯೂ ಚಿತ್ರೋತ್ಸವ ಮತ್ತು ನಗರದ ಪ್ರೇಕ್ಷಕರ ಕಡೆಗೇ ಇರುತ್ತದೆ. ಮೂರನೆಯ ಪ್ರಶ್ನೆ ಇಲ್ಲಿ ಮತ್ತೆ ಎದ್ದು ನಿಲ್ಲುತ್ತದೆ: ದೂರದ ಊರಿನಲ್ಲಿ ಕಾಯುವವರು ಇದನ್ನು ಯಾವಾಗ ನೋಡುತ್ತಾರೆ?

ಊರಿಗೆ ಬರುವ ಪರದೆ

ಈ ಪ್ರಶ್ನೆಗೆ ಉತ್ತರ ನಮ್ಮ ನೆಲದಲ್ಲೇ ಒಂದು ಕಾಲಕ್ಕೆ ಇತ್ತು. ಪರದೆಯ ಹಿಂದೆ ದೀಪವಿಟ್ಟು ಬಣ್ಣದ ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತರು ಊರೂರು ಅಲೆಯುವವರು. ಬೆಳಕು, ಪರದೆ, ಚಲನೆ, ಧ್ವನಿ ಸೇರಿದ ಆಟ ಅವರದು. ಗೊಂಬೆ, ಪರದೆ ಕಟ್ಟಿಕೊಂಡು ಬಂದು ಗುಡಿಯ ಮುಂದಿನ ಬಯಲಿನಲ್ಲಿ ಆಡುತ್ತಿದ್ದರು. ಕಲಾವಿದರೇ ಅಲೆಮಾರಿಗಳಾಗಿದ್ದರಿಂದ ಕಲೆ ತಾನಾಗಿ ಜನರ ಬಳಿ ಹೋಗುತ್ತಿತ್ತು. ಇದನ್ನು ಸುವರ್ಣಕಾಲವೆಂದು ಕೊಂಡಾಡಬೇಕಿಲ್ಲ. ಆ ಅಲೆದಾಟದ ಹಿಂದೆ ಭೂಮಿಯಿಲ್ಲದ ಬಡತನವಿತ್ತು, ಜಾತಿಯ ತಾರತಮ್ಯವಿತ್ತು. ಆದರೂ ಆ ರೂಪ ಹೊಸ ವಸ್ತುವನ್ನು ತಾಳಿಕೊಂಡಿತು ಎಂಬುದು ಗಮನಿಸಬೇಕಾದ್ದು. ಬಳ್ಳಾರಿಯ ಬೆಳಗಲ್ಲು ವೀರಣ್ಣ ಸ್ವಾತಂತ್ರ್ಯ ಹೋರಾಟವನ್ನು, ಗಾಂಧಿಯ ಬದುಕನ್ನು ತೊಗಲುಗೊಂಬೆಗೆ ತಂದರು. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಪರದೆಯ ಕಲೆ ಹಳ್ಳಿಗೆ ಹೊಸದಲ್ಲ ಎಂದ ಮೇಲೆ, ಹಳ್ಳಿಯವರಿಗೆ ಇದೆಲ್ಲ ಅರ್ಥವಾಗದು ಎಂಬ ನೆಪ ನಿಲ್ಲುವುದಿಲ್ಲ.

ಮರಳಿ ತಲುಪಿಸುವ ಆಧುನಿಕ ದಾರಿಗಳನ್ನೂ ಕೆಲವರು ಹುಡುಕಿದ್ದಾರೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2000ದ ದಶಕದ ಆರಂಭದಲ್ಲಿ ‘ನಮ್ಮ ಧ್ವನಿ’ ಶುರುವಾದಾಗ ಹಳ್ಳಿಯವರು ತಮ್ಮದೇ ರೇಡಿಯೊ ತರಂಗ ಬಿಡಲು ಕಾನೂನು ಅವಕಾಶ ಕೊಟ್ಟಿರಲಿಲ್ಲ. ಆದ್ದರಿಂದ ಊರಿನವರೇ ತಯಾರಿಸಿದ ಕಾರ್ಯಕ್ರಮಗಳನ್ನು ಕೇಬಲ್ ಎಳೆದು ಮನೆಗಳಿಗೆ ಮುಟ್ಟಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರ ನೀತಿಯಿಂದ. ಛತ್ತೀಸ್‌ಗಢದಲ್ಲಿ 2010ರಲ್ಲಿ ಶುಭ್ರಾಂಶು ಚೌಧರಿ ಕಟ್ಟಿದ ‘ಸಿಜಿನೆಟ್ ಸ್ವರ’ದಲ್ಲಿ ಸಾಮಾನ್ಯ ಮೊಬೈಲಿನಿಂದ ಕರೆ ಮಾಡಿ ಸುದ್ದಿ, ಹಾಡು, ದೂರು ಹೇಳಬಹುದಿತ್ತು, ಬೇರೆಯವರು ಹೇಳಿದ್ದನ್ನು ಕರೆ ಮಾಡಿಯೇ ಕೇಳಬಹುದಿತ್ತು. ಇವನ್ನು ಮಾಡಿದವರು ಕಲೆ ಎಂದು ಕರೆಯಲಿಲ್ಲ. ಆದರೆ ಸ್ಮಾರ್ಟ್‌ಫೋನ್ ಬೇಕಿಲ್ಲದ, ಓದು ಬಾರದವರೂ ಬಳಸಬಲ್ಲ, ಎರಡು ಕಡೆಗೂ ಹರಿಯುವ ಮಾಧ್ಯಮ ಸಾಧ್ಯ ಎಂದು ಇವು ತೋರಿಸಿಕೊಟ್ಟವು. ಕಾಫಿ ತೋಟದ ಲೈನ್ ಮನೆಯಿಂದ ಒಬ್ಬಾಕೆ ಹೇಳಿದ ಕಥೆಯನ್ನು ತಾಂಡಾದಲ್ಲಿ ಉಳಿದ ಅವಳ ಅವ್ವ ಕೇಳಿ ಮಾರುತ್ತರ ಹೇಳುವಂಥ ಧ್ವನಿಕೃತಿಗೆ ಇಷ್ಟೇ ಸಾಮಗ್ರಿ ಸಾಕು. ಯಾವ ಮಾತನ್ನು ಯಾವುದರ ಪಕ್ಕ ಇಡಬೇಕು, ಎಲ್ಲಿ ಮೌನ ಬಿಡಬೇಕು ಎಂಬಲ್ಲಿ ಕಲಾವಿದನ ಕಸುಬು ಬೇಕಾಗುತ್ತದೆ.

ಕೇಳಿಬರುವ ತಕರಾರುಗಳು

ಮೊದಲ ತಕರಾರು ಕಲಾವಿದರದೇ. ಕಲೆಯನ್ನು ಸಮಾಜಸೇವೆಯ ನೊಗಕ್ಕೆ ಕಟ್ಟಿದರೆ ಅದು ಪ್ರಚಾರ ಸಾಹಿತ್ಯವಾಗುತ್ತದೆ, ಕೃತಿಯನ್ನು ಅದರ ರೂಪದಿಂದ ಅಳೆಯಬೇಕು ಎಂದು ಅವರು ಹೇಳುತ್ತಾರೆ. ಮಾತು ಸರಿ. ಆದರೆ ಇಲ್ಲಿ ಕೇಳುತ್ತಿರುವುದು ರೂಪದ ಪ್ರಶ್ನೆಯನ್ನೇ. ಕ್ಯಾಂಪ್ ಗುಂಪಿನ ಚಿತ್ರ ಯಾವ ಖಲಾಸಿಯ ಕೂಲಿಯನ್ನೂ ಹೆಚ್ಚಿಸಲಿಲ್ಲ. ಅದು ಹಾಗೆ ಹೇಳಿಕೊಳ್ಳುವುದೂ ಇಲ್ಲ. ಕ್ಯಾಮೆರಾ ಅವರ ಕೈಯಲ್ಲಿದ್ದುದರಿಂದ ಅದರ ಲಯ ಬದಲಾಯಿತು, ಹಾಡು ಬಂತು, ನಗು ಬಂತು. ಅಂದರೆ ಯಂತ್ರ ಹಿಡಿದವರು ಯಾರು ಎಂಬುದು ಕೃತಿಯ ಸೌಂದರ್ಯವನ್ನೇ ತಿದ್ದುತ್ತದೆ. ಇದಕ್ಕೆ ಪೂರಕವಾದ ಇನ್ನೊಂದು ಪ್ರಯೋಗ ಅಮೆರಿಕದಲ್ಲಿ ನಡೆಯಿತು. 2007ರಿಂದ ರಿಕಾರ್ಡೊ ಡೊಮಿಂಗೆಸ್ ಮತ್ತು ಸಂಗಡಿಗರು ಅಗ್ಗದ ಮೊಬೈಲುಗಳಿಗೆ ಜಿಪಿಎಸ್ ಹೊಂದಿಸಿ, ಗಡಿಯ ಮರುಭೂಮಿಯಲ್ಲಿ ನೀರು ಇಟ್ಟಿರುವ ಜಾಗ ತೋರಿಸುವ ಸಾಧನ ರೂಪಿಸಿದರು. ದಾರಿ ಹೇಳುವುದರ ಜೊತೆಗೆ ಅದು ಏಮಿ ಸಾರಾ ಕ್ಯಾರಲ್ ಅವರ ಕವಿತೆಗಳನ್ನೂ ಕೇಳಿಸುವಂತಿತ್ತು. ವಿವಾದ, ವಿಚಾರಣೆಗಳ ನಡುವೆ ಅದು ವಲಸಿಗರ ಕೈಗೆ ವ್ಯಾಪಕವಾಗಿ ತಲುಪಲೇ ಇಲ್ಲ. ತಲುಪದೆ ಹೋದದ್ದು ಸೋಲೇ. ಆದರೆ ದಾಹ ಆರಿಸುವ ಉಪಕರಣಕ್ಕೂ ಕವಿತೆಗೂ ವೈರವಿಲ್ಲ ಎಂಬುದನ್ನು ಅದರ ವಿನ್ಯಾಸವೇ ಹೇಳಿತು.

ಎರಡನೆಯದು ಹೆಚ್ಚು ಚುರುಕಾದ ತಕರಾರು. ಗುಳೆ ಹೋದ ಹುಡುಗರೆಲ್ಲ ರೀಲ್ಸ್ ಮಾಡುತ್ತಾರೆ, ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಸೈಟಿನ ಹತ್ತನೇ ಮಹಡಿಯಿಂದ ಸೂರ್ಯಾಸ್ತ ತೋರಿಸುತ್ತಾರೆ. ಕ್ಯಾಮೆರಾ ಅವರ ಕೈಯಲ್ಲಿ ಆಗಲೇ ಇದೆ, ಹಾಗಿದ್ದ ಮೇಲೆ ಕಲಾವಿದ ಏಕೆ ಬೇಕು? ಆ ರೀಲ್ಸುಗಳಲ್ಲಿ ಸೃಜನಶೀಲತೆ ಇದೆ ಎಂಬುದನ್ನು ಒಪ್ಪಲೇಬೇಕು. ಆದರೆ ಅವು ಯಾರ ಮನೆಯಲ್ಲಿ ಇವೆ ಎಂದೂ ನೋಡಬೇಕು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪುಗಳನ್ನು ನಿಷೇಧಿಸಿದಾಗ ಹಳ್ಳಿಯ ಅಸಂಖ್ಯ ಜನರ ವಿಡಿಯೊಗಳು ಒಂದೇ ಏಟಿಗೆ ಕಣ್ಮರೆಯಾದವು. ವಲಸೆ ಕಾರ್ಮಿಕರು ನಡೆದು ಊರು ಸೇರಿದ ಆ ತಿಂಗಳುಗಳಲ್ಲಿ ಅವರೇ ತೆಗೆದುಕೊಂಡ ಚಿತ್ರಗಳ ಒಂದು ಪಾಲೂ ಅದರಲ್ಲಿ ಹೋಗಿರಬೇಕು. ನಿಷೇಧ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಕಂಪನಿಯ ಸರ್ವರಿನಲ್ಲಿಟ್ಟ ನೆನಪಿಗೆ ಭದ್ರತೆಯಿಲ್ಲ ಎಂಬುದಂತೂ ಖಚಿತ. ಹದಿನೈದು ಸೆಕೆಂಡಿನ ತುಣುಕುಗಳನ್ನು ಕೂಡಿಸಿ, ಅನುಮತಿ ಕೇಳಿ, ತಾರೀಖು ಹಚ್ಚಿ, ಒಂದರೊಡನೆ ಒಂದು ಮಾತಾಡುವಂತೆ ಜೋಡಿಸಿ, ಮೂವತ್ತು ವರ್ಷದ ನಂತರವೂ ಸಿಗುವಂತೆ ಇಡುವ ಕೆಲಸಕ್ಕೆ ಆಲ್ಗಾರಿದಂ ಮುಂದಾಗುವುದಿಲ್ಲ. ಕಲಾವಿದರು, ಸಂಗ್ರಹಕಾರರು ಅದಕ್ಕೆ ಬೇಕು.

ಮೂರನೆಯ ತಕರಾರಿಗೆ ಪೂರ್ಣ ಉತ್ತರವಿಲ್ಲ. ದಾಖಲೆ ಮಾಡುವುದೇ ಅಪಾಯವಾಗಬಹುದು. ಮುಂಗಡ ಕೊಟ್ಟ ಮೇಸ್ತ್ರಿಯ ಹೆಸರು ಧ್ವನಿಮುದ್ರಣದಲ್ಲಿ ಬಂದರೆ ಮುಂದಿನ ವರ್ಷ ಕೆಲಸ ತಪ್ಪಬಹುದು. ಹೆಣ್ಣುಮಗಳೊಬ್ಬಳ ವಿಡಿಯೊ ಊರಿನ ಗ್ರೂಪಿಗೆ ಬಂದರೆ ಮಾತಿಗೆ ಗುರಿಯಾಗಬಹುದು. ಕೃತಿ ಊರಿಗೆ ಮರಳಬೇಕು ಎನ್ನುವವರು ಈ ಅಪಾಯವನ್ನು ಹೆಚ್ಚೇ ಮಾಡುತ್ತಿದ್ದಾರೆ. ನ್ಯೂಯಾರ್ಕಿನ ಗ್ಯಾಲರಿಯಲ್ಲಿ ಯಾರೂ ಗುರುತು ಹಿಡಿಯರು, ಬಿಳಿಚೋಡಿನಲ್ಲಿ ಎಲ್ಲರೂ ಹಿಡಿಯುತ್ತಾರೆ. ಆದ್ದರಿಂದಲೇ ಖಲೀಲಿಯ ಮುಖವಿಲ್ಲದ ಕೈ, ‘ಪ್ರೆಸೆನ್ಸ್’ನ ದೆವ್ವದ ಕಥೆ ಮುಖ್ಯವಾಗುತ್ತವೆ. ಮರೆಯಲ್ಲಿದ್ದು ಸತ್ಯ ಹೇಳುವ ಉಪಾಯಗಳವು. ಒಮ್ಮೆ ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕು, ಪ್ರದರ್ಶನಕ್ಕೂ ಮೊದಲು ಹೇಳಿದವರೇ ನೋಡಿ ತೆಗೆಸುವ ಅವಕಾಶ ಕೃತಿಯ ಭಾಗವೇ ಆಗಬೇಕು. ಇದರಿಂದ ಒಳ್ಳೆಯ ತುಣುಕುಗಳು ಕೈಬಿಟ್ಟು ಹೋಗುತ್ತವೆ. ಹೋಗಲಿ.

ಇನ್ನೊಂದು ಎಚ್ಚರಿಕೆಯೂ ಬೇಕು. ಜಗಳೂರೆಂದರೆ ಬರ, ಬರವೆಂದರೆ ಗುಳೆ ಎಂಬ ಸಿದ್ಧ ಚಿತ್ರವನ್ನು ಕಲೆ ಗಟ್ಟಿ ಮಾಡಬಾರದು. ತುಂಗಭದ್ರಾ ನೀರಿನಿಂದ ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ, ಭದ್ರಾ ಮೇಲ್ದಂಡೆಯ ನಿರೀಕ್ಷೆ ಇಲ್ಲಿನ ಲೆಕ್ಕಾಚಾರವನ್ನು ಬದಲಿಸುತ್ತಿವೆ. ನೀರು ಬಂದ ಕಡೆ ಅಡಿಕೆ ಗಿಡ ನೆಡುವ ಆಸೆ ಹುಟ್ಟುತ್ತದೆ, ಕೂಲಿಗೆ ಹೋದವರು ಕೂಲಿಗೆ ಕರೆಯುವವರಾಗಬಹುದು. ಅದೇ ಜಿಲ್ಲೆಯ ಚನ್ನಗಿರಿಯ ತೋಟಗಳಿಗೆ ಹೊರಗಿನಿಂದ ಜನ ಬರುತ್ತಾರೆ. ಕಳಿಸುವ ಊರು, ಕರೆಸಿಕೊಳ್ಳುವ ಊರು ಎರಡನ್ನೂ ಒಂದೇ ಕೃತಿಯೊಳಗೆ ತರಲು ದಾವಣಗೆರೆ ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಇದಕ್ಕೆ ಬೇಕಾದ ಸಾಮಗ್ರಿಯೂ ಹತ್ತಿರದಲ್ಲೇ ಇದೆ. ದಾವಣಗೆರೆಯಲ್ಲಿ 1960ರ ದಶಕದಿಂದ ಬೆಳೆದ ದೃಶ್ಯಕಲಾ ಮಹಾವಿದ್ಯಾಲಯವಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ ಹಲವೆಡೆ ಕಂಪ್ಯೂಟರ್, ಪರದೆ ಪಡೆದಿವೆ. ಬೆಂಗಳೂರಿನಲ್ಲಿ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲಾವಿದರಿಗೆ ಅನುದಾನ ಕೊಡುತ್ತದೆ. 2023ರಲ್ಲಿ ತೆರೆದ ಕಲೆ ಮತ್ತು ಛಾಯಾಗ್ರಹಣ ವಸ್ತುಸಂಗ್ರಹಾಲಯ, 2024ರಲ್ಲಿ ತೆರೆದ ಸೈನ್ಸ್ ಗ್ಯಾಲರಿ ತಂತ್ರಜ್ಞಾನ ಮತ್ತು ಕಲೆಯ ಕೂಟಕ್ಕೆ ಜಾಗ ಮಾಡಿವೆ. ಇಂಥ ಸಂಸ್ಥೆಗಳು ವಲಸೆಯ ವಸ್ತುವಿಗೆ ಹಣ ಕೊಡುವಾಗ ಅರ್ಜಿಯಲ್ಲೇ ಎರಡು ಬಾಬ್ತು ಕಡ್ಡಾಯ ಮಾಡಲಿ: ಚಿತ್ರ, ಧ್ವನಿ ಕೊಟ್ಟವರಿಗೆ ಕಲಾವಿದರ ಸಮ ದರ್ಜೆಯ ಸಂಭಾವನೆ, ಮತ್ತು ಅವರ ಊರಿನಲ್ಲಿ ಅವರು ಮನೆಯಲ್ಲಿರುವ ಕಾಲಕ್ಕೆ, ಯುಗಾದಿಯ ವಾರದಲ್ಲೋ ಜಾತ್ರೆಯಲ್ಲೋ, ಮೊದಲ ಪ್ರದರ್ಶನ. ಒಂದು ಪ್ರೊಜೆಕ್ಟರ್, ಒಂದು ಜೊತೆ ಸ್ಪೀಕರ್, ಕೆಲವು ದಿನದ ಊಟ ವಸತಿ ಬಿಟ್ಟರೆ ಹೆಚ್ಚಿನ ಖರ್ಚಿಲ್ಲ. ಊರಿನವರು ಚೆನ್ನಾಗಿಲ್ಲ ಎಂದು ಎದ್ದು ಹೋಗಬಹುದು, ನಮ್ಮ ಬದುಕು ಹೀಗಿಲ್ಲ ಎಂದು ತಿದ್ದಬಹುದು, ಇದನ್ನು ತೆಗೆಯಿರಿ ಎಂದು ಜಗಳಕ್ಕೂ ನಿಲ್ಲಬಹುದು. ಕಲಾವಿದನಿಗೆ ಬೆಂಗಳೂರಿನ ಉದ್ಘಾಟನಾ ಸಂಜೆಯಲ್ಲಿ ಅಂಥ ವಿಮರ್ಶೆ ಸಿಗುವುದಿಲ್ಲ. ಅದನ್ನು ಕೇಳಿಸಿಕೊಂಡು, ತಿದ್ದಿಕೊಂಡು, ಆಮೇಲೆ ನಗರಕ್ಕೆ ಹೋದ ಕೃತಿಯನ್ನು ನಂಬಲು ನಗರದವರಿಗೂ ಒಂದು ಕಾರಣವಿರುತ್ತದೆ.